ಎರಡನೆಯ ಆಜ್ಞೆಯೂ ಚಿತ್ರಶಾಲೆಯೂ: ಬರ್ಲಿನ್ ಯೆಹೂದ್ಯ ಸಮುದಾಯದ ಕಲಾಪ್ರದರ್ಶನಗಳು

ಯೆಹೂದ್ಯರದು ಚಿತ್ರವಿಲ್ಲದ ಧರ್ಮ, ಅವರು ಕೇಳುವ ಜನರೇ ಹೊರತು ನೋಡುವ ಜನರಲ್ಲ ಎಂಬ ಮಾತು ನಮ್ಮ ಬೋಧನೆಯಲ್ಲಿ ಬಹುಕಾಲದಿಂದ ನಡೆದುಬಂದಿದೆ. ಅದಕ್ಕೆ ಆಧಾರವಾಗಿ ಎರಡನೆಯ ಆಜ್ಞೆಯನ್ನು (ವಿಮೋಚನಕಾಂಡ 20:4-5) ತೋರಿಸುತ್ತೇವೆ. ಈ ಅಭಿಪ್ರಾಯವನ್ನು ಇತಿಹಾಸದ ಬೆಳಕಿನಲ್ಲಿ ಪರೀಕ್ಷಿಸುವುದು ಅಗತ್ಯ. ಏಕೆಂದರೆ ಯೆಹೂದ್ಯರ ಕುರಿತ ನಮ್ಮ ತಪ್ಪು ತಿಳಿವಳಿಕೆ ಕೊನೆಗೆ ಕ್ರಿಸ್ತನ ಕುರಿತ ತಪ್ಪು ತಿಳಿವಳಿಕೆಯಾಗಿ ಪರಿಣಮಿಸುತ್ತದೆ.

ಆಜ್ಞೆಯು ನಿಷೇಧಿಸುವುದು ಅಡ್ಡಬೀಳುವುದಕ್ಕೂ ಪೂಜಿಸುವುದಕ್ಕೂ ಮಾಡಿಕೊಂಡ ರೂಪವನ್ನು. ಅದೇ ಗ್ರಂಥದ 31ನೆಯ ಅಧ್ಯಾಯದಲ್ಲಿ ದೇವರು ಬೆಚಲೇಲನನ್ನು ಹೆಸರು ಹಿಡಿದು ಕರೆದು ತನ್ನ ಆತ್ಮದಿಂದ ತುಂಬಿಸುತ್ತಾನೆ. ಹಾಗೆ ತುಂಬಲ್ಪಟ್ಟವನು ಅರಸನಲ್ಲ, ಯಾಜಕನಲ್ಲ. ಚಿನ್ನ, ಬೆಳ್ಳಿ, ಮರಗಳಲ್ಲಿ ಕೆಲಸ ಮಾಡುವ ಕುಶಲಕರ್ಮಿ. ರಬ್ಬಿಗಳು ಈ ಜಾಡಿನಲ್ಲೇ ಮುಂದುವರಿದು, ಆಜ್ಞೆಯನ್ನು ಕೈಕೊಂಡರೆ ಸಾಲದು, ಅದನ್ನು ಸುಂದರವಾಗಿಯೂ ನೆರವೇರಿಸಬೇಕೆಂದು ಕಲಿಸಿದರು. ಈ ಬೋಧನೆಗೆ 'ಹಿದ್ದೂರ್ ಮಿತ್ಸ್ವಾ' ಎಂದು ಹೆಸರು.

1932ರಲ್ಲಿ ಸಿರಿಯದ ದೂರಾ ಯೂರೋಪೊಸ್‌ನಲ್ಲಿ ನಡೆದ ಉತ್ಖನನವು ಇದಕ್ಕೆ ಪ್ರತ್ಯಕ್ಷ ಸಾಕ್ಷಿಯನ್ನು ಒದಗಿಸಿತು. ಕ್ರಿ.ಶ. 3ನೆಯ ಶತಮಾನದ ಸಭಾಮಂದಿರವೊಂದರ ಗೋಡೆಗಳ ಮೇಲೆ ನೀರಿನಿಂದ ಎತ್ತಲ್ಪಟ್ಟ ಮೋಶೆ, ಅಭಿಷೇಕ ಹೊಂದುವ ದಾವೀದ, ಯೆಹೆಜ್ಕೇಲನ ಒಣಗಿದ ಎಲುಬುಗಳ ಕಣಿವೆ ಮುಂತಾದ ಚಿತ್ರಗಳು ದೊರೆತವು. ಅದೇ ಪಟ್ಟಣದಲ್ಲಿ ಕ್ರೈಸ್ತರ ಮನೆಸಭೆಯೂ ಇತ್ತು. ಅದರ ದೀಕ್ಷಾಸ್ನಾನದ ಕೋಣೆಯಲ್ಲಿ ಒಳ್ಳೆಯ ಕುರುಬನ ಚಿತ್ರವಿತ್ತು. ಒಂದೇ ಊರಿನಲ್ಲಿ ಎರಡು ಸಮುದಾಯಗಳೂ ತಮ್ಮ ಗೋಡೆಗಳ ಮೇಲೆ ರಕ್ಷಣೆಯ ಚರಿತ್ರೆಯನ್ನು ಬರೆಸಿದ್ದವು.

ಈ ಶೋಧ ನಡೆದ ಕೆಲವೇ ತಿಂಗಳಲ್ಲಿ, 1933ರ ಜನವರಿ 24ರಂದು, ಬರ್ಲಿನ್ನಿನ ಯೆಹೂದ್ಯ ಸಮುದಾಯವು ಓರಾನಿಯೆನ್‌ಬುರ್ಗರ್ ಬೀದಿಯಲ್ಲಿ ತನ್ನ ಸಭಾಮಂದಿರದ ಪಕ್ಕದಲ್ಲೇ ಕಲಾಸಂಗ್ರಹಾಲಯವನ್ನು ತೆರೆಯಿತು. ಅದರ ಮೊದಲ ನಿರ್ದೇಶಕ ಕಾರ್ಲ್ ಶ್ವಾರ್ಟ್ಸ್. ಆರು ದಿನಗಳ ನಂತರ ಹಿಟ್ಲರನು ಅಧಿಕಾರಕ್ಕೆ ಬಂದನು. ಯೆಹೂದ್ಯ ಕಲಾವಿದರಿಗೆ ಸಾರ್ವಜನಿಕ ಚಿತ್ರಶಾಲೆಗಳ ಬಾಗಿಲು ಮುಚ್ಚತೊಡಗಿದಾಗ ಸಮುದಾಯದ ಈ ಮನೆ ಅವರಿಗೆ ಆಶ್ರಯವಾಯಿತು. 1936ರಲ್ಲಿ ಜರ್ಮನಿಯ ಯೆಹೂದ್ಯ ಕಲಾವಿದರ ಪ್ರದರ್ಶನವೂ ಹಿಂದಿನ ವರ್ಷ ತೀರಿಕೊಂಡ ಮಾಕ್ಸ್ ಲೀಬರ್‌ಮಾನ್‌ನ ಸ್ಮಾರಕ ಪ್ರದರ್ಶನವೂ ಅಲ್ಲಿ ನಡೆದವು. ಹೊರಗೆ ಅವಮಾನಕ್ಕೆ ಗುರಿಯಾದ ಜನರು ಒಳಗೆ ಬಂದು ತಮ್ಮವರ ಕೈಕೆಲಸವನ್ನು ನೋಡಿದರು. ಇದನ್ನು ಮನರಂಜನೆಯೆಂದು ಎಣಿಸಲಾಗದು. ತಾವೂ ಸೃಷ್ಟಿಕರ್ತನ ಹೋಲಿಕೆಯಲ್ಲಿ ಉಂಟುಮಾಡಲ್ಪಟ್ಟವರು ಎಂಬ ಅರಿಕೆಯೆಂದೇ ನಾವು ಓದುತ್ತೇವೆ. 1938ರ ನವೆಂಬರಿನಲ್ಲಿ, ಸಭಾಮಂದಿರಗಳಿಗೆ ಬೆಂಕಿ ಬಿದ್ದ ದಿನಗಳಲ್ಲಿ, ಸಂಗ್ರಹಾಲಯವನ್ನು ಮುಚ್ಚಿಸಲಾಯಿತು.

ಲೀಬರ್‌ಮಾನ್‌ನ ಹೆಸರು ನಮ್ಮನ್ನು ಇನ್ನೂ ಹಿಂದಕ್ಕೆ ಕರೆದೊಯ್ಯುತ್ತದೆ. 1879ರಲ್ಲಿ ಆತನು ದೇವಾಲಯದಲ್ಲಿ ಬೋಧಕರ ನಡುವೆ ಇರುವ ಹನ್ನೆರಡು ವರ್ಷದ ಯೇಸುವನ್ನು (ಲೂಕ 2:46) ಚಿತ್ರಿಸಿ ಮ್ಯೂನಿಕ್‌ನಲ್ಲಿ ಪ್ರದರ್ಶಿಸಿದನು. ಕಪ್ಪು ಗಿಡ್ಡಗೂದಲಿನ, ಬರಿಗಾಲಿನ, ಕೈಯಾಡಿಸುತ್ತ ಉತ್ಸಾಹದಿಂದ ವಾದಿಸುವ ಯೆಹೂದ್ಯ ಬಾಲಕನು ಅದರಲ್ಲಿದ್ದನು. ಕ್ರೈಸ್ತರು ಕೋಪಗೊಂಡರು, ಬವೇರಿಯದ ಶಾಸನಸಭೆಯಲ್ಲೂ ಚರ್ಚೆ ನಡೆಯಿತು. ಆಮೇಲೆ ಕಲಾವಿದನು ಆ ಬಾಲಕನನ್ನು ತಿದ್ದಿ ಬರೆದನು. ಕೂದಲು ಉದ್ದವಾಗಿ ಹೊಂಬಣ್ಣಕ್ಕೆ ತಿರುಗಿತು, ಕಾಲಿಗೆ ಪಾದರಕ್ಷೆ ಬಂದಿತು, ನಿಲುವು ವಿನಯವಾಯಿತು. ಇಂದು ಹ್ಯಾಂಬರ್ಗ್‌ನ ಚಿತ್ರಶಾಲೆಯಲ್ಲಿರುವುದು ಈ ತಿದ್ದಿದ ರೂಪವೇ. ಮೊದಲಿನ ಬಾಲಕನನ್ನು ನಾವು ಅದರ ಪೂರ್ವಸಿದ್ಧತೆಯ ರೇಖಾಚಿತ್ರದಲ್ಲಿ ಕಾಣಬೇಕು.

ಇಲ್ಲಿ ಆಜ್ಞೆಯನ್ನು ಮೀರಿದವರು ಯಾರು? ಯೇಸುವನ್ನು ಅವನ ಜನರ ನಡುವೆ ಅವರಲ್ಲಿ ಒಬ್ಬನಾಗಿ ನಿಲ್ಲಿಸಿದ ಯೆಹೂದ್ಯ ಚಿತ್ರಕಾರನು ಸುವಾರ್ತೆಗೆ ವಿಧೇಯನಾಗಿದ್ದನು. ತಮಗೆ ಒಪ್ಪುವ ಮುಖ ಬೇಕೆಂದು ಹಟ ಹಿಡಿದವರಾದರೋ ತಮ್ಮ ಹೋಲಿಕೆಯಲ್ಲಿ ದೇವರನ್ನು ರೂಪಿಸಿಕೊಳ್ಳುವ ಹಳೆಯ ಪಾಪಕ್ಕೆ ಸಮೀಪವಾಗಿದ್ದರು. ಕ್ರಿಸ್ತನ ಮುಖದಿಂದ ಯೆಹೂದ್ಯತನವನ್ನು ಅಳಿಸಲು ಕಲಿತ ಸಭೆಗೆ, ನೆರೆಯ ಯೆಹೂದ್ಯನನ್ನು ಬೀದಿಯಿಂದ ಅಳಿಸಿದಾಗ ಸುಮ್ಮನಿರುವುದು ಕಷ್ಟವಾಗಲಿಲ್ಲ.

ಈ ಪಾಠ ನಮ್ಮ ಸಭೆಗಳಿಗೂ ಸಲ್ಲುತ್ತದೆ. ನಮ್ಮ ಭಾನುವಾರದ ಶಾಲೆಗಳ ಗೋಡೆಗಳಲ್ಲಿ ಇಂದಿಗೂ ಹೊಂಗೂದಲಿನ ಯೇಸುವೇ ತೂಗುತ್ತಿದ್ದಾನೆ. ಅವನನ್ನು ನಮ್ಮ ನಾಡಿನ ಉಡುಪಿನಲ್ಲಿ ಚಿತ್ರಿಸುವ ಪ್ರಯತ್ನಗಳು ಸ್ತುತ್ಯರ್ಹವೇ. ವಾಕ್ಯವು ನಮ್ಮ ಮಧ್ಯದಲ್ಲಿಯೂ ವಾಸಮಾಡಿದೆ ಎಂದು ಅವು ಸಾರುತ್ತವೆ. ಆದರೆ ಆ ವಾಕ್ಯವು ಶರೀರಧಾರಿಯಾದದ್ದು ಇಸ್ರಾಯೇಲಿನಲ್ಲಿ, ಮರಿಯಳ ಮಗನಾಗಿ, ಸುನ್ನತಿ ಹೊಂದಿದವನಾಗಿ. ಇದನ್ನು ಮರೆಸುವ ಚಿತ್ರ ಎಷ್ಟೇ ಸುಂದರವಾಗಿದ್ದರೂ ಅವತಾರದ ಸಿದ್ಧಾಂತವನ್ನು ಟೊಳ್ಳುಮಾಡುತ್ತದೆ. ಆದುದರಿಂದ ಚಿತ್ರವನ್ನು ಗೋಡೆಗೆ ತೂಗಿಸುವ ಸಭಾಪಾಲಕನು ಅದರ ಕೆಳಗೆ ನಿಂತು ಆ ಬಾಲಕನ ಜನರ ವಿಷಯವನ್ನೂ ಬೋಧಿಸಲಿ.