ಸಡಿಲ ತಿರುಪು, ತಪ್ಪಿದ ಗುರಿ

ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ಕೆಂಪು ಜಿಂಕೆಯ ಬೇಟೆಗೆ ಹೊರಡುವ ವಿವೇಕಿಯು ಮೊದಲು ಕಾಗದದ ಗುರಿಗೆ ಗುಂಡು ಹಾರಿಸಿ, ರೈಫಲ್ಲಿನ ಮೇಲಣ ದುರ್ಬೀನನ್ನು ಪರೀಕ್ಷಿಸುವನು. ದುರ್ಬೀನು ಓರೆಯಾಗಿ 100 ಗಜದಲ್ಲಿ ಗುಂಡು 2 ಅಂಗುಲ ಪಕ್ಕಕ್ಕೆ ಸರಿದರೆ, 300 ಗಜದಲ್ಲಿ ಅದು 6 ಅಂಗುಲವಾಗುವುದು. ಜಿಂಕೆ ಒಡನೆ ಸಾಯದೆ ಗಾಯಗೊಂಡು ನರಳುವುದು.

ಮೂರು ಗುಂಡುಗಳೂ ಒಂದೇ ಕಡೆ ಗುಂಪಾಗಿ ಬಿದ್ದು ನಡುವಿನಿಂದ ಸರಿದಿದ್ದರೆ ದೋಷ ಅಲ್ಪ. ದುರ್ಬೀನಿನ ಬಿರಡೆಯನ್ನು ತಿರುವಿದರಾಯಿತು. ಅನೇಕ ದುರ್ಬೀನುಗಳಲ್ಲಿ ಒಂದೊಂದು ‘ಟಿಕ್’ ಸದ್ದಿಗೆ 100 ಗಜದಲ್ಲಿ ಸುಮಾರು ಕಾಲಂಗುಲ ಸರಿಯುತ್ತದೆ. ಗುಂಡುಗಳು ಚೆಲ್ಲಾಪಿಲ್ಲಿಯಾಗಿದ್ದರೋ, ಬಿರಡೆಯನ್ನು ಮುಟ್ಟದೆ ದುರ್ಬೀನನ್ನು ಹಿಡಿದಿರುವ ಬಳೆಗಳ ತಿರುಪುಗಳನ್ನು ಮೊದಲು ನೋಡಬೇಕು. ಅವು ಸಡಿಲವಾಗಿದ್ದರೆ, ರೈಫಲ್ ಹಿಂದಕ್ಕೊದೆದಾಗಲೆಲ್ಲ ದುರ್ಬೀನು ಜರುಗುತ್ತದೆ. ತಿರುಪುಗಳನ್ನು ಹದವಾಗಿ ಬಿಗಿಯಬೇಕು. ಅತಿಯಾದರೆ ಕೊಳವೆಯೇ ನಜ್ಜಿಹೋದೀತು. ಬಳಿಕ ಮತ್ತೆ ಮೂರು ಗುಂಡು! ಅವು ಕೂಡಿ ಬೀಳುವವರೆಗೆ ಜಿಂಕೆಯತ್ತ ರೈಫಲ್ ಎತ್ತದಿರುವುದೇ ಬೇಟೆಯ ಧರ್ಮ.