ಬಂಡೆಯ ಮುಂದೆ ಕೂರುವ ವಿದ್ಯೆ

ಹಂಪಿಯ ಗುಡ್ಡಗಳಲ್ಲಿ ಹಳದಿ ಕೊರಳಿನ ಪಿಕಳಾರವನ್ನು ಬೆನ್ನಟ್ಟಿ ಹೋದರೆ ಅದು ಸಿಗುವುದಿಲ್ಲ. ಅದು ಬರುವ ಜಾಗವನ್ನು ಮೊದಲೇ ಗುರುತಿಸಿ, ಅದಕ್ಕಿಂತ ಮುಂಚೆ ಹೋಗಿ ಕೂರಬೇಕು. ಎರಡು ದೊಡ್ಡ ಗುಂಡುಗಳ ಸಂದಿ, ಆ ಸಂದಿಯಲ್ಲಿ ಬೇರಿಳಿಸಿ ಹಣ್ಣು ಬಿಟ್ಟ ಬಸರಿಯೋ ಆಲವೋ, ಬುಡದಲ್ಲಿ ಒಂದಿಷ್ಟು ಪೊದೆ ಇದ್ದರೆ ಆಸೆ ಇಟ್ಟುಕೊಳ್ಳಬಹುದು. ಭಾರತದ ದಕ್ಷಿಣ ಪ್ರಸ್ಥಭೂಮಿಯ ಕಲ್ಲುಗುಡ್ಡಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ ಇದು. ಮೈ ಬೂದು, ತಲೆ ಹಸಿರುಗಲೆತ ಹಳದಿ, ಕೊರಳು ಮಾತ್ರ ಅಚ್ಚ ಹಳದಿ. ಸುಮಾರು 250 ಕೋಟಿ ವರ್ಷ ಹಳೆಯ ಈ ಬಂಡೆಗಳ ನಡುವೆ, ಕಮಲಾಪುರದಿಂದ ದರೋಜಿ ಕರಡಿಧಾಮದ ಕಡೆಗಿನ ಗುಡ್ಡಸಾಲಿನಲ್ಲಿ, ಅದನ್ನು ನೋಡಲೆಂದೇ ದೂರದೂರುಗಳಿಂದ ಜನ ಬರುತ್ತಾರೆ.

ಬಂದವರಲ್ಲಿ ಹಲವರು ಬಿಳಿಹುಬ್ಬಿನ ಪಿಕಳಾರವನ್ನು ನೋಡಿ ಇದೇ ಅದು ಎಂದುಕೊಳ್ಳುವುದುಂಟು. ಅದೂ ಇದೇ ಕುರುಚಲಿನಲ್ಲಿರುತ್ತದೆ, ಬಾಲದ ಬುಡ ಅದಕ್ಕೂ ಹಳದಿ. ಆದರೆ ಅದು ಪೊದೆಯೊಳಗೇ ಅಡಗಿದ್ದು ಒಮ್ಮೆಲೇ ಗಡಗಡನೆ ಕೂಗಿ ಸುಮ್ಮನಾಗುತ್ತದೆ. ಕೂಗು ಬಂದ ಕಡೆ ನೋಡಿದರೆ ಎಲೆ ಅಲ್ಲಾಡುತ್ತದೆ, ಹಕ್ಕಿ ಕಾಣುವುದಿಲ್ಲ. ಹಾಗಾಗಿ ಇಲ್ಲಿ ಮೊದಲು ಪಳಗಬೇಕಾದದ್ದು ಕಿವಿ. ಕೂತು ಹತ್ತು ಹದಿನೈದು ನಿಮಿಷ ದುರ್ಬೀನನ್ನು ಎತ್ತದೆ ಬರೀ ಕೇಳಬೇಕು. ಯಾವ ಸದ್ದು ಯಾವ ದಿಕ್ಕಿನಿಂದ ಬರುತ್ತಿದೆ, ಯಾವುದು ಒಂದೇ ಕಡೆ ನಿಂತಿದೆ, ಯಾವುದು ಸರಿಯುತ್ತಿದೆ ಎಂದು ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳಬೇಕು. ಅಷ್ಟರಲ್ಲಿ ನಾವು ಬಂದ ಗದ್ದಲಕ್ಕೆ ಅಡಗಿದ ಹಕ್ಕಿಗಳೂ ಒಂದೊಂದಾಗಿ ತಮ್ಮ ಕೆಲಸಕ್ಕೆ ಮರಳುತ್ತವೆ.

ಈ ಕ್ರಮವನ್ನು ನನಗೆ ಕಲಿಸಿದವರು ಅಪ್ಪ. ಹೊಸಪೇಟೆಯಲ್ಲಿ ಕೆಲಸ ಮಾಡಿ ಅಲ್ಲೇ ನಿವೃತ್ತರಾದವರು. ಭಾನುವಾರ ಬೆಳಗಿನ ಜಾವ ಬಂಡೆಗಳ ಕಡೆ ಹೊರಟರೆ ಊಟದ ಹೊತ್ತಿಗೆ ಮನೆ. ಹಕ್ಕಿಯ ಹೆಸರಿಗಿಂತ ಮೊದಲು ಅವರು ಹೇಳಿಕೊಟ್ಟದ್ದು ದುರ್ಬೀನು ಹಿಡಿಯುವುದನ್ನು.

ಅದೇನು ಸುಲಭದ ಕೆಲಸವಲ್ಲ. ದುರ್ಬೀನಿನ ಮೇಲೆ 8×42 ಎಂದು ಬರೆದಿದ್ದರೆ ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜಿನ ಅಗಲ 42 ಮಿಲಿಮೀಟರ್ ಎಂದರ್ಥ. ಹತ್ತು ಪಟ್ಟಿನದು ಇನ್ನೂ ಒಳ್ಳೆಯದಲ್ಲವೇ ಎಂದು ಹೊಸಬರು ಕೇಳುತ್ತಾರೆ. ಹಕ್ಕಿ ದೊಡ್ಡದಾದಷ್ಟು ಕೈನಡುಕವೂ ದೊಡ್ಡದಾಗುತ್ತದೆ, ಕಾಣುವ ಜಾಗವೂ ಕಿರಿದಾಗುತ್ತದೆ. ಬಂಡೆಯಿಂದ ಬಂಡೆಗೆ ಹಾರುವ ಹಕ್ಕಿಗೆ ಎಂಟೇ ಹದ. ಮೊದಲು ಬಲಗಣ್ಣು ಮುಚ್ಚಿ ನಡುವಿನ ತಿರುಗಣೆಯಿಂದ ಎಡಗಣ್ಣಿಗೆ ನಿಚ್ಚಳ ಮಾಡಿಕೊಳ್ಳಬೇಕು. ಆಮೇಲೆ ಎಡಗಣ್ಣು ಮುಚ್ಚಿ, ಬಲಗಣ್ಣಿನ ಬಳೆಯನ್ನಷ್ಟೇ ತಿರುಗಿಸಿ ಅದೇ ಗುರುತಿಗೆ ಸರಿಮಾಡಬೇಕು. ಹಕ್ಕಿ ಕಂಡಾಗ ತಲೆ ತಗ್ಗಿಸಿ ದುರ್ಬೀನು ಹುಡುಕಿದರೆ ಕೆಟ್ಟಿತು. "ಹಕ್ಕಿ ಮ್ಯಾಲಿಂದ ಕಣ್ಣು ತೆಗಿಬ್ಯಾಡ. ದುರ್ಬೀನು ಕಣ್ಣಿಗೆ ಬರ್ಲಿ," ಎನ್ನುತ್ತಿದ್ದರು ಅಪ್ಪ. ಮನೆಯ ಮಾಳಿಗೆಯ ಮೇಲೆ ಗುಬ್ಬಿಗಳನ್ನು ತೋರಿಸಿ ಇದನ್ನು ಮಾಡಿಸಿದ್ದೇ ಮಾಡಿಸಿದ್ದು.

ಅವರು ತೀರಿಕೊಂಡ ಮೇಲೆ ಹತ್ತನೆಯ ದಿನದ ಕಾರ್ಯ ತುಂಗಭದ್ರೆಯ ದಂಡೆಯಲ್ಲಾಯಿತು. ಅಣ್ಣ ಪಿಂಡವಿಟ್ಟು ಹಿಂದೆ ಸರಿದ. ಎಲ್ಲರೂ ಕಾಗೆಗೆ ಕಾದರು. ಊರುಕಾಗೆಯ ಕುತ್ತಿಗೆ ಬೂದು, ಕಾಡುಕಾಗೆ ಪೂರ್ತಿ ಕಪ್ಪು, ಕೊಕ್ಕು ದಪ್ಪ. ಬಂದದ್ದು ಕಾಡುಕಾಗೆ. ಅತ್ತೆ ಅಳುತ್ತಾ ಕೈಮುಗಿದರು. ನನ್ನ ಕಣ್ಣು ಮಾತ್ರ ಕೊಕ್ಕನ್ನು ನೋಡುತ್ತಿತ್ತು, ಅದು ಕೂತ ಕಲ್ಲನ್ನು ನೋಡುತ್ತಿತ್ತು, ಹಾರಿಹೋದ ದಿಕ್ಕನ್ನು ನೋಡುತ್ತಿತ್ತು. ಅಪ್ಪ ಕಲಿಸಿದ್ದು ಅಪ್ಪನ ಪಿಂಡದ ಮುಂದೆಯೂ ನಿಲ್ಲಲಿಲ್ಲ. ಅದಾದ ಮೇಲೆ ಬಹಳ ದಿನ ದುರ್ಬೀನನ್ನು ಕಪಾಟಿನಿಂದ ಹೊರಗೆ ತೆಗೆಯಲಿಲ್ಲ.

ಮತ್ತೆ ಹೊರಟಾಗ ಬಂಡೆಗಳ ಕಡೆ ಹೋಗಲು ಆಗಲಿಲ್ಲ, ಕಂಪ್ಲಿ ಕಡೆಯ ಗದ್ದೆಗಳಿಗೆ ಹೋದೆ. ಬಹಳ ದಿನ ಬಿಟ್ಟು ಬಂದವರಿಗೆ ಗದ್ದೆಬಯಲೇ ಸರಿಯೆಂದು ಈಗಲೂ ಹೇಳುತ್ತೇನೆ. ವಿಜಯನಗರದ ಕಾಲದ ಕಾಲುವೆಗಳು ಇವತ್ತಿಗೂ ನೀರು ಹರಿಸುವ ಸೀಮೆ ಇದು. ನಾಟಿಗೆ ಮುಂಚೆ ಟ್ರ್ಯಾಕ್ಟರ್ ಕೆಸರು ಕಲಸುತ್ತಾ ಹೋದರೆ ಹಿಂದೆಯೇ ಬೆಳ್ಳಕ್ಕಿಗಳ ಹಿಂಡು. ಇಲ್ಲಿ ಹಕ್ಕಿ ಅಡಗುವುದಿಲ್ಲ, ಹುಡುಕುವ ಒತ್ತಾಯವಿಲ್ಲ, ಎಣಿಸಿದರಾಯಿತು. ಹಿಂಡು ದೊಡ್ಡದಿದ್ದಾಗ ಹತ್ತು ಹಕ್ಕಿ ಎಷ್ಟು ಜಾಗ ಹಿಡಿಯುತ್ತವೆಂದು ನೋಡಿಕೊಂಡು, ಆ ಅಳತೆ ಹಿಂಡಿನಲ್ಲಿ ಎಷ್ಟು ಸಲ ಕೂರುತ್ತದೆಂದು ಲೆಕ್ಕ ಹಾಕುವುದು ರೂಢಿ. ಎಣಿಕೆಗೆ ತೊಡಗಿದ ಮನಸ್ಸು ಸ್ವಲ್ಪ ಹೊತ್ತು ಬೇರೇನನ್ನೂ ಕೇಳದು. ಹೊಳೆಯ ದಂಡೆಗೆ ಬಂದರೆ ಅದೃಷ್ಟವಿದ್ದಾಗ ನೀರುನಾಯಿಗಳೂ ಕಾಣುತ್ತವೆ. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ಅವುಗಳಿಗೆಂದೇ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಗಿದೆ.

ಸಂಡೂರಿನ ಗುಡ್ಡಗಳ ಪಾಠವೇ ಬೇರೆ. ಮರ ಒತ್ತೊತ್ತಾಗಿರುವಲ್ಲಿ ಕಣ್ಣಿಗೆ ದಾರಿಯಿಲ್ಲ. ಅದಿರಿನ ಲಾರಿ ಓಡಾಡುವ ರಸ್ತೆಯ ಪಕ್ಕದಲ್ಲಂತೂ ಎಲೆಗಳೆಲ್ಲ ಕೆಂಪು, ಬಣ್ಣ ನಂಬಿ ಹಕ್ಕಿ ಗುರುತಿಸುವಂತಿಲ್ಲ. ಬಾಲದ ಉದ್ದ, ಕೂತ ಭಂಗಿ, ಹಾರುವ ರೀತಿ ಇವುಗಳಿಂದಲೇ ಹೇಳಬೇಕು.

ಬಂಡೆಗಳ ಕಡೆಗೆ ನನ್ನನ್ನು ಮತ್ತೆ ಕರೆತಂದದ್ದು ಪಿಕಳಾರವಲ್ಲ, ಸ್ಯಾಂಡ್‌ಗ್ರೌಸ್. ಪಾರಿವಾಳದ ಗಾತ್ರ, ನೆಲದ ಬಣ್ಣ. ಕಂದು ಹೊಟ್ಟೆಯದು ಬಿಸಿಲೇರುವ ಹೊತ್ತಿಗೆ ನೀರಿಗೆ ಬರುತ್ತದೆ, ಚಿತ್ತಾರದ್ದು ಹೊತ್ತು ಮುಳುಗಿ ಕತ್ತಲಾಗುವಾಗ. ಈ ಕುಟುಂಬದ ಹಲವು ಹಕ್ಕಿಗಳಲ್ಲಿ ಗಂಡು ನೀರಿಗಿಳಿದು ಹೊಟ್ಟೆಯ ಗರಿಗಳನ್ನು ನೆನೆಸಿಕೊಂಡು ದೂರದ ಮರಿಗಳ ಬಳಿಗೆ ಹಾರುತ್ತದೆ. ಮರಿಗಳು ಆ ಗರಿಗಳನ್ನು ಚೀಪಿ ನೀರು ಕುಡಿಯುತ್ತವೆ. ಇಂಗ್ಲೆಂಡಿನ ಮೀಡ್-ವಾಲ್ಡೊ ತಾವು ಸಾಕಿದ ಹಕ್ಕಿಗಳಲ್ಲಿ ಇದನ್ನು ಕಂಡು 1896ರಲ್ಲಿ ಬರೆದಾಗ ಹಲವರು ನಂಬಲಿಲ್ಲ. 1967ರಲ್ಲಿ ಕೇಡ್ ಮತ್ತು ಮ್ಯಾಕ್ಲೀನ್ ಆಫ್ರಿಕಾದ ಕಲಹಾರಿಯಲ್ಲಿ ನೋಡಿ ಖಚಿತಪಡಿಸಿದರು. ಅಪ್ಪ ಇದನ್ನು ಎಲ್ಲೋ ಓದಿ, ಒಮ್ಮೆಯಾದರೂ ಕಣ್ಣಾರೆ ನೋಡಬೇಕೆಂದು ದರೋಜಿ ಕಡೆಯ ನೀರಿನ ಹೊಂಡಗಳ ಬಳಿ ಕಾಯುತ್ತಿದ್ದರು. ನೋಡಲಾಗಲಿಲ್ಲ. ಆ ಕಾಯುವಿಕೆಯನ್ನು ನಾನು ಮುಂದುವರಿಸಿದ್ದೇನೆ. ನೀರಿಗೆ ತೀರ ಹತ್ತಿರ ಕೂರುವುದಿಲ್ಲ: ನಾವಿದ್ದೇವೆಂದು ಹೆದರಿ ಹಕ್ಕಿ ನೀರು ಮುಟ್ಟದೆ ಹೋದರೆ ಮರಿಗಳಿಗೆ ಆ ದಿನದ ನೀರು ತಪ್ಪುತ್ತದೆ. ಮೊಬೈಲಿನಲ್ಲಿ ಕೂಗು ಹಾಕಿ ಪಿಕಳಾರವನ್ನು ಹೊರಗೆ ಕರೆಯುವುದನ್ನು ನಾನು ಒಪ್ಪದಿರುವುದೂ ಇಂಥದೇ ಕಾರಣಕ್ಕೆ. ತನ್ನ ಜಾಗಕ್ಕೆ ಬೇರೊಂದು ಹಕ್ಕಿ ನುಗ್ಗಿತೆಂದು ಅದು ಗೂಡು ಬಿಟ್ಟು ಬರುತ್ತದೆ, ನಾವು ಫೋಟೊ ಹೊಡೆದುಕೊಂಡು ಹೋಗುತ್ತೇವೆ.

ಅಪ್ಪನ ನೋಟ್‌ಬುಕ್ಕುಗಳು ಈಗ ನನ್ನ ಬಳಿ ಇವೆ. ದಿನಾಂಕ, ಹೊರಟ ಹೊತ್ತು, ಮೋಡವೋ ಬಿಸಿಲೋ, ಯಾವ ಹಕ್ಕಿ ಎಷ್ಟು, ಏನು ಮಾಡುತ್ತಿತ್ತು. ಏನೂ ಕಾಣದ ದಿನವೂ "ಇಲ್ಲ" ಎಂದು ಬರೆದಿದ್ದಾರೆ, ಮತ್ತು ಆ ಸಾಲುಗಳಿಗೆ ಬೆಲೆಯಿದೆ: ಒಂದು ಗುಡ್ಡದಿಂದ ಹಕ್ಕಿ ಯಾವಾಗ ಕಾಣೆಯಾಯಿತೆಂದು ಹೇಳಬಲ್ಲವು ಅವೇ. ಜಗತ್ತಿನ ಹಕ್ಕಿಪ್ರಿಯರೆಲ್ಲ ದಾಖಲೆ ಸೇರಿಸುವ ಇ-ಬರ್ಡ್‌ನಲ್ಲಿ ಹಳೆಯ ದಿನಾಂಕದ ಪಟ್ಟಿಗಳನ್ನೂ ಹಾಕಬಹುದು. ಪೆನ್ಸಿಲ್ಲಿನ ಬರಹ ಮಾಸುವ ಮುಂಚೆ ಒಂದೊಂದೇ ಪುಟ ಏರಿಸುತ್ತಿದ್ದೇನೆ. ಕೆಲವು ಕಡೆ "ಕಮಲಾಪುರ ಕೆರೆ ಆಚೆ, ದೊಡ್ಡ ಗುಂಡು" ಎಂದಷ್ಟೇ ಇದೆ. ಅಂಥ ಪುಟ ಬಂದಾಗ ನೋಟ್‌ಬುಕ್ ಚೀಲಕ್ಕೆ ಹಾಕಿಕೊಂಡು, ಆ ಗುಂಡು ಯಾವುದೆಂದು ಹುಡುಕಲು ಮುಂದಿನ ಭಾನುವಾರ ಹೊರಡುತ್ತೇನೆ.