ಎಣ್ಣಿ ಹೊಡೆಯೋ ಮುಂಚೆ ಒಮ್ಮೆ ನೋಡ್ರಿ

ನಾವು ನಾಲ್ಕು ಜನ ಗೆಳೆಯರು ಹಾವೇರಿ ಜಿಲ್ಲೆಯವರು: ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ತಾಲೂಕಿಗೆ ಒಬ್ಬೊಬ್ಬರು. ಮಳೆಗಾಲದ ರಜೆಯಲ್ಲಿ ಹಾನಗಲ್ಲ ಗೆಳೆಯನ ಮಾವಿನ ತೋಟಕ್ಕೆ ಹೋಗಿದ್ವಿ. ಒಂದು ಮರದ ಕಾಂಡದ ಮೇಲೆ ಅಂಗೈಯಗಲ ಜಾಗದಲ್ಲಿ ಬೂದು ಬಣ್ಣದ ಪುಟ್ಟ ಹುಳುಗಳು ಗುಂಪಾಗಿ ಕೂತಿದ್ವು. ಬೆರಳು ತಂದ್ರೆ ಚದುರಿ, ಮತ್ತೆ ಕುರಿಹಿಂಡಿನಂತೆ ಸೇರ್ತಿದ್ವು.

"ಗಿಡಕ್ಕ ಹೇನು ಬಿದ್ದಾವ, ನಾಳೆ ಎಣ್ಣಿ ಹೊಡೀಬೇಕು" ಅಂದ್ರು ಅಜ್ಜ. "ಅಜ್ಜಾ, ಒಂದ್ ದಿನ ತಡೀರಿ" ಅಂತ ಫೋಟೋ ತೆಗೆದು ಹುಡುಕಿದ್ವಿ.

ಅವು ತೊಗಟೆ ಹೇನುಗಳು. ಹೆಸರಲ್ಲಿ ಹೇನು ಇದ್ರೂ ರಕ್ತ ಹೀರಲ್ಲ, ಮರದ ರಸವನ್ನೂ ಹೀರಲ್ಲ. ತೊಗಟೆ ಮೇಲಿನ ಪಾಚಿ, ಬೂಷ್ಟು, ಕಲ್ಲುಹೂವನ್ನು ಕೆರೆದು ತಿನ್ನುತ್ತವೆ. ಜಗತ್ತಿನಲ್ಲಿ ಇವುಗಳ 5,000ಕ್ಕೂ ಹೆಚ್ಚು ಪ್ರಭೇದಗಳಿವೆ. ತಲೆಹೇನುಗಳು ವಿಕಾಸವಾಗಿದ್ದು ಇದೇ ಗುಂಪಿನಿಂದ, ಹಾಗಾಗಿ ಈಗ ಎರಡನ್ನೂ ಒಂದೇ ಗಣದಲ್ಲಿ ಇಡುತ್ತಾರೆ.

ಗುರುತಿಸೋದು ಹೇಗೆ? ಮೈ ಕೆಲವೇ ಮಿಲಿಮೀಟರ್. ದಾರದಂಥ ಉದ್ದ ಮೀಸೆ, ಉಬ್ಬಿದ ಮುಖ, ಸಣ್ಣ ಕತ್ತು. ದೊಡ್ಡವುಗಳ ರೆಕ್ಕೆ ಹೆಂಚಿನ ಮನೆಯ ಮಾಡಿನಂತೆ ಬೆನ್ನ ಮೇಲೆ ಇಳಿಜಾರಾಗಿ ನಿಲ್ಲುತ್ತೆ. ಮರಿಗಳಿಗೆ ರೆಕ್ಕೆ ಇಲ್ಲ. ಇವುಗಳಲ್ಲಿ ದೊಡ್ಡ ಕುಟುಂಬ ಸೋಸಿಡೀ. ಲೆನ್ಸ್ ಹಾಕಿ ನೋಡಿದ್ರೆ ಈ ಕುಟುಂಬದವುಗಳ ರೆಕ್ಕೆಗೆ ಕೂದಲಿಲ್ಲ, ಪಾದಕ್ಕೆ ಎರಡೇ ಗೆಣ್ಣು. ಇದರ ಕೆಲವು ಪ್ರಭೇದಗಳು ಹಿಂಡಾಗಿ ಮೇಯುತ್ತವೆ. ಅಮೆರಿಕದಲ್ಲಿ ಅಂಥವಕ್ಕೆ 'ಮರದ ದನ' ಅಂತಲೇ ಹೆಸರು. ಇನ್ನೊಂದು ಕುಟುಂಬ ಆರ್ಕಿಪ್ಸೋಸಿಡೀ. ಇವು ಬಾಯಿಂದ ರೇಷ್ಮೆ ತೆಗೆದು ಕಾಂಡಕ್ಕೆ ತೆಳು ಪರದೆಯಂಥ ಬಲೆ ಹೊದಿಸುತ್ತವೆ. ಮರಕ್ಕೆ ಅದರಿಂದಲೂ ತೊಂದರೆ ಇಲ್ಲ.

ಎಡವೋದು ಇಲ್ಲೇ. ಮಾವಿಗೆ ನಿಜವಾಗಿ ಹಾನಿ ಮಾಡುವ ತೊಗಟೆ ತಿನ್ನುವ ಹುಳುವೂ ಬಲೆ ಕಟ್ಟುತ್ತೆ. ಆದರೆ ಅದರ ಬಲೆಯಲ್ಲಿ ಹಿಕ್ಕೆ, ತೊಗಟೆಯ ಪುಡಿ ಅಂಟಿಕೊಂಡು ಕಂದು ಪಟ್ಟಿಯಂತೆ ಕಾಣುತ್ತೆ. ಹತ್ತಿರದಲ್ಲೇ ತೂತು ಇರುತ್ತೆ. ಹಗಲು ಹುಳು ಆ ತೂತಿನೊಳಗೆ ಅಡಗಿ, ರಾತ್ರಿ ಬಂದು ತೊಗಟೆ ತಿನ್ನುತ್ತೆ. ತೊಗಟೆ ಹೇನಿನ ಬಲೆ ಬೆಳ್ಳಗೆ, ಶುಭ್ರ, ತೂತು ಇರಲ್ಲ.

ಇಷ್ಟನ್ನೂ ಅಜ್ಜನಿಗೆ ಹೇಳಿದಾಗ ನಕ್ಕು, ನಾಲ್ಕು ಮರದಾಚೆ ಕರ್ಕೊಂಡು ಹೋದ್ರು. ಅಲ್ಲಿತ್ತು ಕಂದು ಪಟ್ಟಿ, ಕೆಳಗೆ ತೂತು. ತಂತಿ ತುರುಕಿ ಹುಳು ತೆಗೆದ್ರು. ಹೇನಿದ್ದ ಮರಕ್ಕೆ ಎಣ್ಣಿ ಹೊಡೀಲಿಲ್ಲ. ಹೊಡೆದಿದ್ರೆ ದುಡ್ಡು ದಂಡ, ಜೊತೆಗೆ ಆ ಹೇನುಗಳನ್ನ ತಿಂದು ಬದುಕೋ ಜೇಡ, ಇರುವೆಗಳಿಗೂ ವಿಷ.

ಉಳಿದ ಮೂವರೂ ಈಗ ಊರಿಗೆ ಹೋದಾಗ ಮನೆ ಮುಂದಿನ ಮರ ನೋಡ್ತೀವಿ. ಹಾಸ್ಟೆಲ್ ಹಿಂದಿನ ಬೇವಿನ ಮರವನ್ನ ನೀವೂ ಒಮ್ಮೆ ನೋಡಿ. ಫೋನ್ ಕ್ಯಾಮೆರಾ ಸಾಕು.